ನೀಲಿಯ ಮೇಲಿನ ಭಾರ

“ಕ್ವಾಂಟಮ್ ಡಾಟ್ ಟಿವಿಯೊಳಗ ಕೆಂಪು, ಹಸಿರು ಎರಡೂ ನೀಲಿ ಬೆಳಕಿನಿಂದನ ಹುಟ್ಟತಾವ.” ಬೈಲಹೊಂಗಲದ ಕಾಲೇಜಿನ ಭೌತಶಾಸ್ತ್ರದ ಮಾಸ್ತರ ಸಿದ್ಧಾರೂಢ ಅಡುಗೆಮನೆಯ ಬಾಗಿಲಲ್ಲಿ ಕುಳಿತು, ನಾಳೆಯ ಪಾಠವನ್ನು ಹೆಂಡತಿಗೆ ಒಪ್ಪಿಸುತ್ತಿದ್ದ. ಬ್ಯಾಂಕಿನ ಕೆಲಸ ಮುಗಿಸಿ ಬಂದ ನಾಗರತ್ನಾ ಸೀರೆಯನ್ನೂ ಬದಲಿಸದೆ ಮನೆಮಂದಿಗೆಲ್ಲ ರೊಟ್ಟಿ ತಟ್ಟುತ್ತಿದ್ದಳು.

“ಎಲ್ಲಾ ಭಾರ ನೀಲಿ ಮ್ಯಾಲೆ. ಅದಕ್ಕ ಅದು ಲಗೂ ದಣೀತೈತಿ,” ಎಂದ ಸಿದ್ಧಾರೂಢ.

ನಾಗರತ್ನಾಳ ಕೈ ಹಿಟ್ಟಿನ ಮೇಲೆಯೇ ನಿಂತಿತು. “ದಣಿದ್ರ ಏನ್ ಮಾಡ್ತಾರ್ರಿ?”

“ಅದರ ಮ್ಯಾಲೆ ಇನ್ನೊಂದು ನೀಲಿ ಪದರ ಹಾಕ್ತಾರ. ಭಾರ ಹಂಚಿಕೊಂಡ್ರ ಬಣ್ಣಾನೂ ಚಂದ, ಬಾಳಿಕೀನೂ ಹೆಚ್ಚು.”

ಅವಳು ನಾದಿದ ಹಿಟ್ಟನ್ನು ಎರಡು ಭಾಗ ಮಾಡಿದಳು. ಒಂದನ್ನು ಪರಾತದಲ್ಲಿಟ್ಟು ಅವನ ಮುಂದೆ ಸರಿಸಿದಳು.

“ಕೈ ತೊಳ್ಕೊಂಡು ಬರ್ರಿ.”