ಮಾರ್ಥಜ್ಜಿ ಹೇಳದ ಆಮೆನ್

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ... ನನ್ನಂಥವರು ಇನ್ನೂ ಕೆಲವರು ಇರಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಕಳೆದ ಶುಕ್ರವಾರ ಸಂಜೆ ಪುಷ್ಪಕ್ಕನ ಮನೆಯಲ್ಲಿ ಪ್ರಾರ್ಥನಾ ಕೂಟ. ಹನ್ನೆರಡು ಜನ, ಒಂದು ಫ್ಯಾನು, ಒಳಗೆ ಮುಚ್ಚಿಟ್ಟ ಬಿಸಿ ಉಪ್ಪಿಟ್ಟು...

ಪ್ರಾರ್ಥನೆ ಮಾಡುವವರು ನಿವೃತ್ತ ಹೆಡ್‌ಮಾಸ್ಟರ್ ಶಾಂತರಾಜ ಮಾಸ್ತರು. ಅವರು ಯಾರ ಹೆಸರನ್ನೂ ಎತ್ತುವುದಿಲ್ಲ.

ವಿಳಾಸ ಮಾತ್ರ ಹೇಳುತ್ತಾರೆ.

"ಕರ್ತನೇ, ಹೆಸರು ನಿನಗ ಗೊತ್ತದ... ಎರಡನೇ ಕ್ರಾಸ್, ನೀಲಿ ಗೇಟು, ನುಗ್ಗಿ ಗಿಡದ ಮನಿ... ಆ ಮನಿ ಮಗಳು ದಿನಾ ಸಂಜಿಮುಂದ ಬೈಕ್ ಮ್ಯಾಲೆ ಬಂದು ಇಳಿತಾಳ. ಸೋಮವಾರ ಒಬ್ಬಾಂವ, ಮಂಗಳವಾರ ಇನ್ನೊಬ್ಬಾಂವ... ಆಕಿನ್ನ ದಾರಿಗೆ ತಾ, ತಂದೆಯೇ!"

"ಆಮೆನ್!" ಎಂದೆವು ಹಲವರು, ಪ್ರಾರ್ಥನೆಯ ನಡುವೆಯೇ. ನಾನೂ...

ನೀಲಿ ಗೇಟಿನ ಮನೆಯ ರಾಹೇಲಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಆಚೆ ಮಗಳು ಪ್ರಿಸಿಲ್ಲಾ. ಊರಾಚೆಯ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು.

ರಾಹೇಲಕ್ಕ ಕಣ್ಣು ಮುಚ್ಚಿಕೊಂಡೇ ಮಗಳಿಗೆ ಪಿಸುಗುಟ್ಟಿದರು: "ನಾಳಿಂದ ಕೆಲಸಕ್ಕ ಹೋಗೂದು ಬ್ಯಾಡ. ಮುಗೀತು."

ನಮ್ಮ ಕೂಟದಲ್ಲಿ ಒಂದು ಪದ್ಧತಿ ಇದೆ. ಕೊನೆಯ ಆಮೆನ್ ಅಲ್ಲಿರುವ ಎಲ್ಲರಿಗಿಂತ ಹಿರಿಯರದು. ಅವರು ಹೇಳುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ.

ಅವತ್ತು ಹಿರಿಯರು ಮಾರ್ಥಜ್ಜಿ. ಎಂಬತ್ತೆರಡು ವರ್ಷ, ಸಭೆಗೆ ಬೈಬಲ್ ಕಲಿಸುತ್ತಿದ್ದ, ಈಗ ತೀರಿಹೋದ ಉಪದೇಶಿಯವರ ಹೆಂಡತಿ.

ಮಾಸ್ತರು ಮುಗಿಸಿದರು. ಕಾದೆವು... ಫ್ಯಾನಿನ ಸದ್ದು. ಉಪ್ಪಿಟ್ಟಿನ ವಾಸನೆ...

ಆಮೆನ್ ಬರಲೇ ಇಲ್ಲ.

ಅಜ್ಜಿಗೆ ಈ ವಯಸ್ಸು, ಬಿಪಿ ಬೇರೆ... ಏನಾದರೂ ಆಗಿಹೋಯಿತೇ? ಮೆಲ್ಲಗೆ ಒಂದು ಕಣ್ಣು ತೆರೆದೆ.

ಅಜ್ಜಿ ಎರಡೂ ಕಣ್ಣು ತೆರೆದುಕೊಂಡು ಮಾಸ್ತರನ್ನೇ ದಿಟ್ಟಿಸುತ್ತಿದ್ದರು.

"ಅಜ್ಜಿ... ಆಮೆನ್ ಅನ್ರಿ," ಎಂದರು ಮಾಸ್ತರು.

"ಅನ್ನಂಗಿಲ್ಲ."

"ಯಾಕ್ರಿ?"

"ಆ ಬೈಕ್ ನಾ ನೋಡಿಲ್ಲ. ನೋಡದ್ದಕ್ಕ ಹೆಂಗ ಆಮೆನ್ ಅನ್ಲಿ?"

"ಅಜ್ಜಿ, ಆಮೆನ್ ಅಂದ್ರ ಪ್ರಾರ್ಥನಾ ಮುಗೀತು ಅಂತ, ಅಷ್ಟ..."

"ಮುಗೀತು ಅನ್ನಾಕ ಅದೇನು ಸಿನಿಮಾ ಏನ್ರಿ ಮಾಸ್ತರ? ನಮ್ಮ ಮನಿಯವರು ನನಗ ಕಲಿಸ್ಯಾರ. ಅದು ಹೀಬ್ರೂ ಮಾತು. ಗಟ್ಟಿಯಾಗಿ ನಿಂತದ್ದು ಅಂತ ಅದರ ಬೇರು. ಗ್ರೀಕ್, ಲ್ಯಾಟಿನ್ ಎಲ್ಲಾ ದಾಟಿ ಹಂಗ ನಮ್ಮ ಕನ್ನಡಕ್ಕ ಬಂದೈತಿ. 'ಇದು ಖರೆ, ಇದಕ್ಕ ನಾ ನಿಂತೀನಿ' ಅಂತ ಅರ್ಥ. ಸಹಿ ಹಾಕಿದಂಗ!"

ಅಜ್ಜಿ ಬೆರಳೆತ್ತಿ ಮುಂದುವರಿಸಿದರು.

"ಬೈಬಲ್‌ನ್ಯಾಗ ಮೋಶೆ ಹೇಳಿದಂಗ ಯಾಜಕರು ಒಂದೊಂದು ಶಾಪ ಹೇಳೂದು, ಜನ ಒಂದೊಂದಕ್ಕೂ ಆಮೆನ್ ಅನ್ನೂದು. ತಪ್ಪಿದ್ರ ನನ್ನ ತಲಿ ಮ್ಯಾಲೂ ಬರಲಿ ಅಂತ ಒಪ್ಪಿಕೊಂಡಂಗ. ಅದರಾಗ ಒಂದು ಯಾವುದು ಗೊತ್ತೈತೇನು? ಮಂದಿಗೆ ಗುಟ್ಟಾಗಿ ಹೊಡಿಯಾವರಿಗೆ ಬಿದ್ದ ಶಾಪ!"

ಅಜ್ಜಿ ಮುಂದೆ ಬಾಗಿದರು. "ಮಾಸ್ತರ, ನೀವು ಆ ಬೈಕ್ ನೋಡೀರೇನು?"

"ನಾ ಎಲ್ಲಿ ನೋಡ್ಲಿ... ಪುಷ್ಪಕ್ಕ ಪ್ರಾರ್ಥನಾಕ್ಕ ವಿಷಯ ಕೊಟ್ರು."

"ಪುಷ್ಪಾ?"

"ಅಯ್ಯ, ನನಗೇನ್ ಗೊತ್ರಿ ಅಜ್ಜಿ! ನನಗ ಬ್ಯಾರೇದವರು ಹೇಳಿದ್ರು..." ಎಂದು ಪುಷ್ಪಕ್ಕ ನನ್ನ ಕಡೆ ನೋಡಿದರು.

ಹೌದು. ನಾನೇ.

ನಮ್ಮ ಕಿಟಕಿ ನೀಲಿ ಗೇಟಿಗೆ ಎದುರು. ದಿನಕ್ಕೊಬ್ಬನ ಬೈಕಿನಲ್ಲಿ ಬರುತ್ತಾಳೆ ಎಂದು ಪುಷ್ಪಕ್ಕನಿಗೆ ಹೇಳಿ, "ಪಾಪ, ಆ ಹುಡುಗಿಗಾಗಿ ಪ್ರಾರ್ಥಿಸಿ," ಎಂದು ಸೇರಿಸಿದ್ದೆ. ಕಾಳಜಿಯಿಂದ ಹೇಳಿದೆ ಎಂದೇ ಅವತ್ತಿನವರೆಗೂ ನಂಬಿದ್ದೆ...

ಪ್ರಿಸಿಲ್ಲಾ ನನ್ನತ್ತ ತಿರುಗಿದಳು. ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ.

"ನಳಿನಿ ಆಂಟಿ, ಅದು ಬೈಕ್ ಟ್ಯಾಕ್ಸಿ. ಮೊಬೈಲ್‌ನ್ಯಾಗ ಬುಕ್ ಮಾಡಿದ್ರ ಹತ್ರ ಯಾರಿರ್ತಾರೋ ಅವರು ಬರ್ತಾರ. ದಿನಾ ಒಬ್ಬಾಂವನ ಬಂದ್ರ, ಆಗ ಚಿಂತಿ ಮಾಡ್ರಿ!"

ಯಾರೋ ಕಿಸಕ್ಕೆಂದರು. ಮಾಸ್ತರು ಕನ್ನಡಕ ಒರೆಸತೊಡಗಿದರು. ನನಗೆ ಮಾತ್ರ ನಗು ಬರಲಿಲ್ಲ... ನೆಲ ನೋಡುತ್ತ ಕೂತೆ.

"ಮಾಸ್ತರ, ಈಗ ಹೊಸಾದು ಮಾಡ್ರಿ," ಎಂದರು ಅಜ್ಜಿ. "ವಿಳಾಸ ಬ್ಯಾಡ."

ಮಾಸ್ತರು ಅಷ್ಟು ಚಿಕ್ಕ ಪ್ರಾರ್ಥನೆ ಮಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. "ಕರ್ತನೇ, ಈ ಮಗಳು ದಿನಾ ಸುರಕ್ಷಿತ ಮನಿ ಮುಟ್ಟಲಿ."

ಎಲ್ಲರೂ ಬಾಯಿ ತೆರೆದರು. ಅಜ್ಜಿ ಕೈ ಅಡ್ಡ ಹಿಡಿದರು.

"ನಿಂದರ್ರಿ. ಮೊದಲು ನಳಿನಿ ಅನ್ಲಿ. ಕಿಟಕ್ಯಾಗ ನಿಂದರಾಕಿ ಆಕಿ. ಏನವಾ, ಹುಡುಗಿ ಬರೂದು ತಡಾ ಆದ್ರ ಫೋನ್ ಮಾಡ್ತಿ? ಮೂಲಿತನಕಾ ಹೋಗಿ ನೋಡ್ತಿ? ಹಂಗಿದ್ರ ಅನ್ನು. ಇಲ್ಲಂದ್ರ ಸುಮ್ಮನಿರು."

ಹುಟ್ಟಿದಾಗಿನಿಂದ ಹೇಳುತ್ತ ಬಂದ ಪದ... ಮೊದಲ ಸಲ ಅರ್ಥ ನೋಡಿ ಹೇಳಬೇಕಾಗಿತ್ತು.

ಪ್ರಿಸಿಲ್ಲಾಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ.

"ಆಮೆನ್," ಎಂದೆ. ಕೊನೆಗೆ ಅಜ್ಜಿಯೂ ಎಂದರು.

ರಾಹೇಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ನೋಡಿದರು. "ನಾಳೆ ಡಬ್ಬಿಗೆ ಏನ್ ಕಟ್ಲಿ?"

ಆಮೆನ್ ಎಂದವರ ಹೆಗಲಿಗೆ ಆ ಮಾತಿನ ಭಾರವೂ ಬರುತ್ತದೆ...

ಇವತ್ತು ಬೆಳಗಿನಿಂದ ನೀವು, ಕಣ್ಣಾರೆ ನೋಡದ ಯಾವ ಮಾತಿಗೆ ತಲೆದೂಗಿದಿರಿ?