ಅಪ್ಪನ ಕೆನ್ನೆಯ ಸುಟ್ಟ ಕಲೆ

ಫೋಟೊದಲ್ಲಿ ಅಳಿಸಿದ್ದು ಅದನ್ನು ಬಲ್ಲವರ ನೆನಪಿನಿಂದಲೂ ಹೋಗುತ್ತದೆ. ಹಾಗಾಗಿ ನಾನು ಕಲಿಯಲು ಹೋಗುವ ಗದಗಿನ ಸ್ಟುಡಿಯೊದಲ್ಲಿ ಮೌಸ್‌ಗಿಂತ ಮೊದಲು ಕೈಗೆ ಪೆನ್ನು ಕೊಡುತ್ತಾರೆ.

"ಏನ್ ಅಳಸ್ತಿ, ಮೊದ್ಲು ಬುಕ್ಕಿನ್ಯಾಗ ಬರಿ ತಂಗಿ," ಎಂದರು ಅಲ್ಲಿ ಕಲಿಸುವ ಮೆಹಬೂಬ್ ಸರ್. "ಆಮ್ಯಾಲೆ ನನ್ನ ಕೇಳಬ್ಯಾಡ. ನನಗೂ ನೆನಪಿರಂಗಿಲ್ಲ."

ಅಪ್ಪನ ಮೊದಲ ವರ್ಷದ ಪುಣ್ಯತಿಥಿಗೆ ಗೋಡೆಗೆ ಹಾಕುವ ಫೋಟೊ ಅದು. ಕೆನ್ನೆಯ ಸುಟ್ಟ ಕಲೆ ತೆಗೆಯಲು ಅವ್ವನೇ ಹೇಳಿದ್ದಳು. "ನೋಡಿದಾಗೆಲ್ಲ ಆ ದಿನಾನ ಕಣ್ಮುಂದ ಬರ್ತೈತಿ. ನನಗ ಸಾಕಾಗೇತಿ."

ಬರೆದಿಟ್ಟೆ. ಪಕ್ಕದ ಚರ್ಮದ ಬಣ್ಣ ಎತ್ತಿಕೊಂಡು ಕಲೆಯ ಮೇಲೆ ಬ್ರಷ್ ಆಡಿಸಿದೆ. ನಾಲ್ಕೇ ಸಲಕ್ಕೆ ಕೆನ್ನೆ ನುಣುಪಾಯಿತು.

"ಸೇವ್ ಮಾಡಿದ್ರ ತಿರುಗಿ ಬರಂಗಿಲ್ಲ. ಇನ್ನೊಮ್ಮೆ ಓದ್ಕೊ," ಎಂದರು ಸರ್.

ಬುಕ್ಕಿನಲ್ಲಿ ನನ್ನದೇ ಅಕ್ಷರವಿತ್ತು: 'ನನಗೆ ಐದು ವರ್ಷ. ಸ್ಟೋವ್ ಸಿಡಿದಾಗ ಅಪ್ಪ ನನ್ನನ್ನು ಎದೆಗೆ ಅವುಚಿಕೊಂಡು ಹೊರಗೆ ಓಡಿದ.' ಯಾರದೋ ಮನೆಯ ಸುದ್ದಿ ಓದಿದಂತಾಯಿತು. ಮತ್ತೆ ಓದಿದೆ. ಏನೂ ನೆನಪಿಗೆ ಬರಲಿಲ್ಲ.

ಹೆದರಿ ಅನ್‌ಡೂ ಒತ್ತಿದೆ. ಕಲೆ ಮರಳಿತು. ಅದರ ಹಿಂದೆಯೇ ಸೀಮೆಎಣ್ಣೆಯ ವಾಸನೆ, ಅಪ್ಪನ ಬನಿಯನ್ನಿನ ಬೆವರು, ನನ್ನ ಕಿವಿಗೊತ್ತಿದ ಅವನ ಎದೆಬಡಿತ ಎಲ್ಲವೂ ಬಂದವು.

ಅವ್ವನಿಗೆ ಫೋನು ಮಾಡಿದೆ. "ನಾ ಇನ್ನೂ ಅಷ್ಟು ಕಲ್ತಿಲ್ಲವ್ವಾ. ಕಲೆ ಹೋಗವಲ್ದು."



"ಹಂಗಾರ ಕೆನ್ನಿ ಮುಚ್ಚೂವಂಗ ಮಾಲಿ ಹಾಕೋಣು," ಎಂದಳು ಅವ್ವ. "ಹೂವು ಬಾಡಿದ ದಿನ ನೋಡೂಣಂತ."