ಸಾಲಿಗೆ ಹೋದ ಆಡು

ಬಳಪ ಒರಸಿದ ಹಸಿ ಪಾಟಿ ವಾಸನಿ ಬಂದ್ರ ನನಗ ಈಗ್ಲೂ ನಮ್ಮ ಆಡಿನ ಮ್ಯಾಲ ಹೊಟ್ಟಿ ಉರಿತೈತಿ.

ನಮ್ಮೂರು ಕರಜಗ್ಯಾಗ ಹೊಲದ ಬದುವಿನ ಸಲುವಾಗಿ ನಮಗೂ ಮ್ಯಾಲಿನ ಓಣಿಯವರಿಗೂ ಬಡಿದಾಟ ಆಗಿತ್ತು. ಸಾಲಿ ಇದ್ದದ್ದು ಅವರ ಓಣ್ಯಾಗ. "ಹೆಣ್ಣುಮಕ್ಕಳು ಆ ಕಡಿ ಹಾಯಬಾರದು" ಅಂತ ಅಪ್ಪ ನನ್ನ ಒಂದನೇ ಕ್ಲಾಸಿಗೇ ಸಾಲಿ ಬಿಡಿಸಿದ. ಅಣ್ಣ ಮಾತ್ರ ದಿನಾ ಹೋಗತಿದ್ದ, ಅವನ ಬೆನ್ನ ಹತ್ತಿ ಆಡೂ ಹೋಗತಿತ್ತು.

ಒಂದ ಮಧ್ಯಾಹ್ನ ಅಣ್ಣ ಬಂದು, "ಆಡು ಇವತ್ತ ನನ್ನ ಪಾಟಿಮ್ಯಾಲಿನ ಕ ಕಾ ಕಿ ಕೀ ಬಾರಾಖಡಿ ಪೂರಾ ನೆಕ್ಕಿತು. ಮಾಸ್ತರು ನಕ್ಕು ಅದನ್ನ ಬಾಜೂಕ ಕುಂದರಿಸಿಕೊಂಡ್ರು" ಅಂದ. ನನ್ನ ಹೊಟ್ಟಿ ಎಷ್ಟ ಉರೀತಂದ್ರ, ಅವ್ವ ಅದರ ಮ್ಯಾಲ ಮನಿಮಂದಿಗೆಲ್ಲಾ ರೊಟ್ಟಿ ಸುಡಬಹುದಿತ್ತು.

"ಅಪ್ಪಾ, ಆಡೂ ಹೆಣ್ಣ ಐತಲ್ಲಾ?" ಅಂದೆ.

ಅಜ್ಜಿ ಪಕ್ಕನ ನಕ್ಕಳು. "ಪೋರಿ ಬರೋಬ್ಬರಿ ಕೇಳ್ಯಾಳ ನೋಡೋ."

ಅಪ್ಪ ನಗಲಿಲ್ಲ. ಎದ್ದು ಹೋಗಿ, ಹಗ್ಗ ತಂದು, ಆಡನ್ನೂ ಕಂಬಕ್ಕ ಕಟ್ಟಿದ.